ಹೆಸರು ಬರೆಯಬೇಕಿಲ್ಲ

ಹೆಸರು ಬರೆಯಬೇಕಿಲ್ಲ ಎಂದಿದೆ ಮೊದಲ ಸಾಲು.
ಹದಿನಾಲ್ಕು ಪ್ರಶ್ನೆ, ಒಂದರಿಂದ ಐದರವರೆಗೆ ಗುಂಡಿ.
ಶುಕ್ರವಾರ ಸಂಜೆಯೊಳಗೆ ಒತ್ತಿ ಮುಗಿಸಬೇಕು.

ವಿದ್ಯಾನಗರದ ಈ ಎರಡನೇ ಮಾಳಿಗೆಯಲ್ಲಿ
ನಾವು ಇಪ್ಪತ್ತೊಂದು ಮಂದಿ.
ಕೆಳಗೆ ಟೈಲ್ಸ್ ಅಂಗಡಿ. ಅವರು ಕಲ್ಲು ಕೊಯ್ಯುವಾಗ
ನಮ್ಮ ಮೇಜಿನ ಚಹಾದಲ್ಲಿ
ಸಣ್ಣ ಸಣ್ಣ ಬಳೆ ಏಳುತ್ತವೆ.

ನಿಮ್ಮ ವಿಭಾಗ ಯಾವುದು? ಎರಡನೇ ಪ್ರಶ್ನೆ.
ಟೆಸ್ಟಿಂಗ್ ಅಂದರೆ ನಾನು, ಮುಹ್ಸಿನಾ, ಜೋಬಿನ್; ಅಷ್ಟೇ.
ಹೆಣ್ಣೋ ಗಂಡೋ? ಮೂರನೆಯದು.
ಸೇರಿ ಎಷ್ಟು ವರ್ಷ? ನಾಲ್ಕನೆಯದು.
ಐದಕ್ಕೆ ಬರುವಷ್ಟರಲ್ಲಿ
ಅಪ್ಪನ ಹೆಸರೊಂದು ಬಾಕಿ.

ಐದು: ಇಲ್ಲಿ ಎಲ್ಲರನ್ನೂ ಸಮಾನವಾಗಿ ಕಾಣಲಾಗುತ್ತದೆ.

ಪ್ರಜಿತ್ ಸರ್ ಕೆಟ್ಟವರೆಂದು ಯಾರಾದರೂ ಅಂದರೆ
ಜಗಳಕ್ಕೆ ನಾನೇ ನಿಂತೇನು.
ಅಮ್ಮನಿಗೆ ದೇರಳಕಟ್ಟೆಯಲ್ಲಿ ಆಪರೇಷನ್ ಆದ ವಾರ
ಕೇಳುವ ಮೊದಲೇ ರಜೆ ಕೊಟ್ಟವರು.
ಮೀಟಿಂಗು ಮಾತ್ರ ಇಂಗ್ಲಿಷಿನಲ್ಲಿ ಸುರುವಾಗಿ
ತಮಾಷೆಯ ಹೊತ್ತಿಗೆ ಮಲಯಾಳಕ್ಕೆ ಇಳಿಯುತ್ತದೆ,
ತೀರ್ಮಾನವೂ ಅಲ್ಲೇ ಆಗಿಬಿಡುತ್ತದೆ.
ನನಗೆ ಎಲ್ಲ ತಿಳಿಯುತ್ತದೆ, ಹುಟ್ಟಿದ್ದೇ ಇಲ್ಲಿ,
ಮಧೂರಿನ ಬಸ್ಸಿನಲ್ಲಿ ನಿಂತು ನಿಂತು ಕಲಿತ ಭಾಷೆ.
ಉತ್ತರ ಜೋಡಿಸಿ ಬಾಯಿ ತೆರೆಯುವಾಗ
ಮಾತು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗಿರುತ್ತದೆ.

ಮೂರು ಒತ್ತಿದೆ. ಮೂರು ಅಂದರೆ ಯಾರ ತಂಟೆಯೂ ಇಲ್ಲ.

ಆರು: ನಿಮ್ಮ ಕೆಲಸಕ್ಕೆ ತಕ್ಕ ಮನ್ನಣೆ ಸಿಗುತ್ತದೆ.
ಮುಹ್ಸಿನಾ ಹೆರಿಗೆ ಮುಗಿಸಿ ಬಂದ ದಿನ
ಅವಳ ಕುರ್ಚಿಯ ಮೇಲೆ ಪ್ರಿಂಟರ್ ಕೂತಿತ್ತು.
ಎರಡು ವರ್ಷ ಅವಳು ಕಟ್ಟಿದ ಟೆಸ್ಟುಗಳ ತಲೆಯಲ್ಲಿ
ಶ್ರೀರಾಗನ ಹೆಸರು.
ಆರು ತಿಂಗಳು ಇರಲಿಲ್ಲವಲ್ಲ ಎಂದು ರೇಟಿಂಗು ಎರಡು.
"ಮಾರಾಯ್ತಿ, ಮಗುವಿಗಾದರೂ ಮೂರು ಕೊಡಬಹುದಿತ್ತು"
ಅಂದಳು, ಟಿಫಿನ್ನಿನ ಪತ್ತಿರಿ ಮುರಿದು ನನಗಿಟ್ಟು.

ನಾವು ಮಾಡುವುದು ಸಂಬಳ ಎಣಿಸುವ ಸಾಫ್ಟ್‌ವೇರ್.
ಎಲ್ಲಿಯೋ ಗೇರುಬೀಜ ಸುಲಿಯುವ ಹೆಂಗಸರು
ಬೆರಳೊತ್ತಿ ಒಳಗೆ ಹೋಗಿ ಬೆರಳೊತ್ತಿ ಹೊರಗೆ ಬರುತ್ತಾರೆ;
ನಡುವಿನ ಹೊತ್ತು ನಮ್ಮದು.
ಮಾರ್ಚಿನ ಒಂದು ರಾತ್ರಿ, ಒಂದೂವರೆಗೆ, ನಾನೇ ಹಿಡಿದದ್ದು:
ದಿನಕ್ಕೆ ತಲೆಗೆ ಹನ್ನೊಂದು ನಿಮಿಷ
ಸದ್ದಿಲ್ಲದೆ ನುಂಗುತ್ತಿತ್ತು ಲೆಕ್ಕ.
ಬೆಳಿಗ್ಗೆ ಮೇಲ್ ಬಂತು: ತಂಡಕ್ಕೆ ಅಭಿನಂದನೆ.
ಆ ರಾತ್ರಿಯ ನಮ್ಮ ನಿಮಿಷಗಳನ್ನು ಎಣಿಸುವುದಕ್ಕೆ
ಕಾಲಮ್ಮೇ ಇಲ್ಲ.

ಹನ್ನೆರಡು: ಸಂಸ್ಥೆ ನನಗೆ ಕುಟುಂಬದಂತೆ ಅನಿಸುತ್ತದೆ.
ಇದಕ್ಕೆ ಕಣ್ಣು ಮುಚ್ಚಿ ಐದು.
ಕುಟುಂಬ ನನಗೆ ಗೊತ್ತುಂಟು:
ಕೊನೆಯ ಪಂಕ್ತಿಗೆ ಕೂರುವವರು ಯಾರು,
ಪಾಯಸ ಮುಗಿದದ್ದು
ಯಾರ ಎಲೆಯ ಹತ್ತಿರ ಎಂದು.

ಕೊನೆಗೆ ಖಾಲಿ ಪೆಟ್ಟಿಗೆ: ಇನ್ನೇನಾದರೂ ಹೇಳುವುದಿದೆಯೇ?
ಇದ್ದದ್ದು ಇಂಗ್ಲಿಷಿಗೆ ಬರುವಾಗ ಸಭ್ಯವಾಗುತ್ತದೆ.
ಅಳಿಸಿದೆ. ಕನ್ನಡದಲ್ಲಿ ಬರೆದೆ, ಎಂಟು ಸಾಲು,
ಏಳನೇ ಕ್ಲಾಸಿನ ಪ್ರಬಂಧದ ಹಾಗೆ ಒತ್ತಿ ಒತ್ತಿ.
ಒಮ್ಮೆ ನೋಡೋಣವೆಂದು ಮುನ್ನೋಟ ತೆರೆದರೆ
ಎಂಟು ಸಾಲು ಸಣ್ಣ ಸಣ್ಣ ಚೌಕ,
ಕೆಳಗಿನ ಅಂಗಡಿಯಲ್ಲಿ ಹಾಸಿಟ್ಟ ಟೈಲ್ಸಿನ ಹಾಗೆ.

ನಗು ಬಂತು. ನಾನು ಟೆಸ್ಟರ್ ಅಲ್ಲವೇ.
ಬೇರೆ ಕಿಟಕಿ ತೆರೆದು ದೋಷ ದಾಖಲಿಸಿದೆ.
ನಿರೀಕ್ಷಿಸಿದ್ದು: ಬರೆದದ್ದು ಓದಲು ಸಿಗಬೇಕು.
ಕಂಡದ್ದು: ಚೌಕಗಳು.
ಪುರಾವೆ: ಎಂಟೂ ಸಾಲು, ಬರೆದದ್ದು ಬರೆದ ಹಾಗೆ.
ತೀವ್ರತೆ: ಸಾಧಾರಣ ಎಂದಿಟ್ಟು
ತುಸು ಹೊತ್ತು ನೋಡಿ, ಬದಲಿಸಿದೆ.

ವರದಿ ಮಾಡಿದವರು: ಇಲ್ಲಿ ಕೆಂಪು ಚುಕ್ಕೆ,
ತುಂಬದೆ ಮುಂದೆ ಬಿಡುವುದಿಲ್ಲ.
ಕೆಳಗೆ ಕಲ್ಲು ಕೊಯ್ಯಲು ಸುರುಮಾಡಿದರು.
ಚಹಾ ಆಗಲೇ ತಣಿದಿತ್ತು.
ಧನ್ಯಶ್ರೀ ಗಟ್ಟಿ,
ಎಂದು ಒಂದೊಂದೇ ಅಕ್ಷರ.